ಸಿಟ್ಟು ಇಳಿಯುವವರೆಗೆ

ಬಾಣಂತನ ಮುಗಿಸಿ ಲಿಂಗಸುಗೂರಿನ ತವರಿನಿಂದ ಸಿಂಧನೂರಿನ ಗಂಡನ ಮನೆಗೆ ಹೊರಟ ದಿನ ನನ್ನನ್ನು ಕರೆದೊಯ್ಯಲು ಅತ್ತೆ ಬಂದಿದ್ದರು. ಕೂಸನ್ನು ಎತ್ತಿ, ಕೈಯಲ್ಲೇ ತೂಗಿ ನೋಡಿದವರು ನನ್ನ ಅವ್ವನಿಗೆ, "ಬಾಣಂತನ ಮಾಡೀರೋ, ಉಪಾಸ ಕೆಡವೀರೋ?" ಅಂದರು. ಅವ್ವ ನಕ್ಕು ಸುಮ್ಮನಾದಳು. ನನಗೆ ಆಗಲಿಲ್ಲ. ನಾನೇನೋ ಅಂದೆ, ಅವರೂ ಅಂದರು, ಕೊನೆಗೆ ಅಳುತ್ತಲೇ ಬಸ್ಸು ಹತ್ತಿದೆ.

ಸಿಟ್ಟಿನಲ್ಲಿರುವ ತಾಯಿ ಮೊಲೆ ಕೊಡಬಾರದೆಂಬುದು ನಮ್ಮ ಹಿರಿಯರ ಕಟ್ಟಳೆ. ಸಿಟ್ಟು ಹಾಲಿಗಿಳಿದು ಕೂಸಿನ ಹೊಟ್ಟೆ ಕೆಡಿಸುತ್ತದಂತೆ. ಅಜ್ಜಿಯ ಮಗ್ಗುಲಲ್ಲಿ ಕೂತು ಅದನ್ನು ಕೇಳಿಯೇ ಬೆಳೆದವಳು ನಾನು, ನಂಬಿದ್ದೆ ಕೂಡ. ಊರು ದಾಟುತ್ತಲೇ ಕೂಸು ಹಸಿದು ಬಾಯಿ ತೆರೆದಾಗ ಅತ್ತೆ ಕೈ ಅಡ್ಡ ಹಿಡಿದರು. ಸಿಟ್ಟು ಇಳಿಯಲಿ, ಅಲ್ಲಿಯತನಕ ಬಾಟಲಿ ಇದೆ ಎಂದು ಚೀಲ ತೋರಿಸಿದರು. ಬರುವಾಗಲೇ ಪುಡಿಹಾಲಿನ ಡಬ್ಬಿ ತಂದಿದ್ದರು. ಬಾಟಲಿಯ ರುಚಿ ಹತ್ತಿದರೆ ಕೂಸು ಮತ್ತೆ ನನ್ನೆದೆಗೆ ಬಾರದೆಂಬ ಭಯ ನನಗೆ.

ಸಿಟ್ಟು ಇಳಿಸಲು ಕೂತೆ. ಕಿಟಕಿಯಾಚೆ ತೊಗರಿ ಹೊಲ ನೋಡಿದೆ, ನೀರು ಕುಡಿದೆ, ಶಿವ ಶಿವಾ ಅಂದೆ. ಕೂಸಿನ ಅಳು ಏರಿದಷ್ಟೂ ನಾನು ಹಲ್ಲು ಕಚ್ಚುತ್ತಿದ್ದೆ. ಹಾಲು ತುಂಬಿ ಎದೆ ಕಲ್ಲಾಗಿ ಕುಪ್ಪಸ ತೊಯ್ದಿತ್ತು. ಮುಂದಿನ ಸೀಟಿನವರು ಹೊರಳಿ ಹೊರಳಿ ನೋಡತೊಡಗಿದರು, ಅವರ ಮೇಲೂ ಸಿಟ್ಟು. ಮಸ್ಕಿಯಲ್ಲಿ ಬಸ್ಸು ನಿಂತಿತು. ಅತ್ತೆ ಬಾಟಲಿ ತೆಗೆದು, ಚಹಾದಂಗಡಿಯಿಂದ ಬಿಸಿನೀರು ತರಲು ಎದ್ದರು.

"ಬ್ಯಾಡ್ರೀ ಅತ್ತಿ," ಅಂದೆ. "ಇದು ಅಳೂತನಕ ನನ್ನ ಸಿಟ್ಟು ಇಳಿಯಂಗಿಲ್ಲ. ನನ್ನ ಸಿಟ್ಟು ಇಳಿಯೂತನಕ ಇದು ಸುಮ್ಮನಾಗಂಗಿಲ್ಲ."

"ಕಕ್ಕಿದ್ರ?"

"ಕಕ್ಕಿದ್ರ ನಾ ಒರಸ್ತೀನ್ರೀ."

ಉತ್ತರಕ್ಕೆ ಕಾಯದೆ ಕೂಸನ್ನು ಸೆರಗಿನೊಳಗೆ ಎಳೆದುಕೊಂಡೆ. ಮೊದಲು ಚುಚ್ಚಿದಂಥ ನೋವು. ಹಾಲು ಇಳಿಯತೊಡಗಿದ ಮೇಲೆ, ಬಿಗಿಹಿಡಿದಿದ್ದ ಭುಜಗಳು ತಾವಾಗಿ ಸಡಿಲಾದವು, ಕಣ್ಣು ಜಡವಾದವು. ಬೆಳಗಿನ ಜಗಳವನ್ನು ನೆನೆಸಿಕೊಂಡು ನೋಡಿದೆ. ಮಾತೆಲ್ಲ ನೆನಪಾದವು, ಉರಿ ಮಾತ್ರ ಬರಲಿಲ್ಲ. ಹೆದರಿಕೆ ಹೋಗಿರಲಿಲ್ಲ. ಗುಟುಕು ಗುಟುಕಿಗೂ ಕೂಸಿನ ಮುಖ ನೋಡುತ್ತಿದ್ದೆ.

ಬಸ್ಸು ಹೊರಟಿತು. ಅತ್ತೆಯೂ ಪಕ್ಕದಲ್ಲಿ ಕೂತು ಕೂಸಿನ ಬಾಯನ್ನೇ ನೋಡುತ್ತಿದ್ದರು. ಕೂಸು ಕಕ್ಕಲಿಲ್ಲ. ಬಹಳ ಹೊತ್ತಿನ ಮೇಲೆ ಗಾಳಿಗೆ ಹಾರುತ್ತಿದ್ದ ನನ್ನ ಸೆರಗನ್ನು ಹಿಡಿದು ಹೇಳಿದರು:

"ಆ ಮಗ್ಗಲಿಗೆ ಹಾಕ್ಕೋ. ಒಂದ ಕಡೀಗೆ ಕುಡಿಸಿದ್ರ ಇನ್ನೊಂದು ಹಾಲು ಕಟ್ಟಿ ಗಂಟಾಕತೈತಿ."