ಸಡಿಲವಾದ ಪ್ಯಾಂಟುಗಳು

ಮೊದಲು ಸಡಿಲವಾದದ್ದು ಅವರ ಪ್ಯಾಂಟು. ನಾನು ಖುಷಿಯಿಂದಲೇ ಹೊಲಿಗೆ ಮೆಶೀನಿನ ಮುಂದೆ ಕುಳಿತು ಸೊಂಟದ ಅಳತೆ ಚಿಕ್ಕದು ಮಾಡಿಕೊಟ್ಟೆ.

ನನ್ನ ಗಂಡ ಕಾರ್ಕಳದ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ಟ್ರು. ಒಂದು ಕಾಲದ ಕಬಡ್ಡಿ ಆಟಗಾರ. ಗಟ್ಟಿ ತೋಳು, ಗಟ್ಟಿ ತೊಡೆ. ಒಮ್ಮೆ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚೆಂದು ಬಂತು. "ಎಣ್ಣೆ, ಕಾಯಿ ಕಡಿಮೆ ಮಾಡಿ, ಸ್ವಲ್ಪ ಸಮಯ ಬಿಟ್ಟು ನೋಡುವ" ಅಂದರು ಊರಿನ ಡಾಕ್ಟರು. ಅಂದಿನಿಂದ ನಮ್ಮ ಮನೆಯ ಬಂಗುಡೆ ಮೀನಿನ ಸಾರಿಗೆ ತೆಂಗಿನಕಾಯಿ ಬೀಳಲಿಲ್ಲ. ಅವರು ಅರ್ಧ ಊಟ ಬಿಟ್ಟು ಏಳುತ್ತಿದ್ದರು. ಪಥ್ಯದ ಅಡುಗೆ ರುಚಿಸುವುದಿಲ್ಲವೇನೋ ಅಂದುಕೊಂಡೆ. ಕಾಪುವಿನಲ್ಲಿ ತಂಗಿಯ ಮಗಳ ಮದುವೆಗೆ ಹೋದಾಗ ಎಲ್ಲರದೂ ಒಂದೇ ಮಾತು: "ಮಾಸ್ಟ್ರು ಸ್ಲಿಮ್ ಆಗಿದ್ದಾರೆ, ಎಂತ ಗುಟ್ಟು?" ನಾನು ನನ್ನ ಅಡುಗೆಯ ಕ್ರಮ ವಿವರಿಸಿದೆ.

ಎಷ್ಟು ಹೆಮ್ಮೆಯಿಂದ ವಿವರಿಸಿದೆನೆಂದು ಇವತ್ತಿಗೂ ನೆನಪಾಗುತ್ತದೆ.

ಒಂದು ಬೆಳಿಗ್ಗೆ ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಲು ಅವರಿಂದ ಆಗಲಿಲ್ಲ. ಮತ್ತೆ ಎಳೆದರು. ಆಮೇಲೆ ಅದಕ್ಕೇ ಒರಗಿ ನಿಂತರು. "ಕೈಯಲ್ಲಿ ಬಲವೇ ಇಲ್ಲ ಮಾರಾಯ್ತಿ" ಎಂದು ನಕ್ಕರು. ನನ್ನ ಮುಖ ಮಾತ್ರ ನೋಡಲಿಲ್ಲ.

ಮಣಿಪಾಲದ ಆಸ್ಪತ್ರೆ. ಸ್ಕ್ಯಾನ್. ಬಯಾಪ್ಸಿ.

ಪ್ಯಾಂಕ್ರಿಯಾಸ್ ಕ್ಯಾನ್ಸರ್.

ಅಲ್ಲಿನ ಡಾಕ್ಟರು ಅವರ ತೋಳನ್ನು ಒತ್ತಿ ನೋಡಿ ನಿಧಾನವಾಗಿ ವಿವರಿಸಿದರು. ಈ ರೋಗ ಮೈಯ ಕೊಬ್ಬನ್ನು ಕರಗಿಸಿ ರಕ್ತಕ್ಕೆ ಬಿಡಬಹುದು, ಸ್ನಾಯುವನ್ನೂ ಕರಗಿಸುತ್ತದೆ, ಹಸಿವನ್ನೂ ಕಳೆಯುತ್ತದೆ. ರಿಪೋರ್ಟಿನಲ್ಲಿ ಕಂಡ ಕೊಬ್ಬೆಲ್ಲ ಊಟದಿಂದಲೇ ಬಂದದ್ದಾಗಿರಬೇಕೆಂದಿಲ್ಲ.

"ಹಾಗಾದರೆ ನಾನೇ ಅವರನ್ನು ಉಪವಾಸ ಕೆಡವಿದೆನಾ ಡಾಕ್ಟ್ರೇ?"

"ಇಲ್ಲಮ್ಮ. ಹೊಟ್ಟೆ ತುಂಬ ಕೊಟ್ಟಿದ್ದರೂ ಇದು ಪೂರ್ತಿ ನಿಲ್ಲುತ್ತಿರಲಿಲ್ಲ. ತೂಕ ಇಳಿಯುವಾಗಲೇ ಬಂದಿದ್ದರೆ ಒಳ್ಳೆಯದಿತ್ತು, ಅಷ್ಟೇ."

ಆ 'ಇಲ್ಲಮ್ಮ' ಎಂಬ ಮಾತಿನಿಂದ ಸಮಾಧಾನ ತಂದುಕೊಳ್ಳಲು ಎಷ್ಟು ಪ್ರಯತ್ನಿಸಿದರೂ, ಅಡುಗೆಮನೆಯಲ್ಲಿ ಒಬ್ಬಳೇ ಇರುವಾಗ ಕಿವಿಗೆ ಕೇಳುವುದು 'ಆಗಲೇ ಬಂದಿದ್ದರೆ' ಎಂಬುದೇ.

ಆಪರೇಷನ್ ಆಗುವುದಿಲ್ಲ ಎಂದರು. ಕೀಮೊ ನಡೆಯುತ್ತಿದೆ. ಮೊದಮೊದಲು ಮೊಟ್ಟೆ, ಮೀನು, ಗಂಜಿ ಹಿಡಿದು ಅವರ ಬೆನ್ನು ಬಿದ್ದಿದ್ದೆ. ಒಂದು ದಿನ ಅವರೇ ಹೇಳಿದರು: "ನಿನ್ನ ಸಮಾಧಾನಕ್ಕೆ ತಿನ್ನುವುದು, ಮತ್ತೆ ವಾಂತಿ ಮಾಡುವುದು. ಸಾಕು." ಈಗ ತಟ್ಟೆಯಿಟ್ಟು ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ. ಎಷ್ಟು ತಿಂದರೋ ಅಷ್ಟು. ಫಿಸಿಯೋದವರು ಹೇಳಿಕೊಟ್ಟ ಸಣ್ಣ ವ್ಯಾಯಾಮ ಅವರೇ ಮಾಡಿಕೊಳ್ಳುತ್ತಾರೆ.

ಮೊನ್ನೆ ಬಜಗೋಳಿಯಿಂದ ಅವರ ಹಳೆಯ ಕಬಡ್ಡಿ ಗೆಳೆಯ ಬಂದರು. ಬಾಗಿಲಲ್ಲೇ ಒಂದು ಗಳಿಗೆ ನಿಂತುಬಿಟ್ಟರು.

"ಈಗ ತೂಕ ಎಷ್ಟುಂಟು?"

"ತೂಕದ ಸುದ್ದಿ ಬಿಡು ಮಾರಾಯ. ಕೂತ್ಕೋ, ಚಾ ಕುಡಿಯುವ."

ಹೇಳುತ್ತಲೇ ಇವರು ಎದ್ದರು. ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದರಿಂದ ಗೆಳೆಯನಿಗೆ ಕುರ್ಚಿ ಎಳೆದರು. ಎಳೆಯಲು ಹೊತ್ತು ಹಿಡಿಯಿತು. ಓಡಿಹೋಗಿ ಕೈ ಕೊಡಬೇಕೆನಿಸಿತು.

ಕೊಡಲಿಲ್ಲ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.