ಬಿಸಿ ಮನೆಯ ಬಿಯರ್

ಜನವರಿಯ ಚಳಿಯಲ್ಲೂ ಅವರ ಮೈಮೇಲೆ ತೋಳಿಲ್ಲದ ಬನಿಯನ್ ಒಂದೇ. ಹೆಗಲ ಮೇಲೊಂದು ಟವೆಲ್, ಹಣೆಯ ಮೇಲೆ ಬೆವರು. ಲಂಡನ್ನಿನ ಹ್ಯಾರೋದ ನಮ್ಮ ಬೀದಿಯಲ್ಲಿ ಜನರೆಲ್ಲ ಕೋಟಿನೊಳಗೆ ಕುತ್ತಿಗೆ ಎಳೆದುಕೊಂಡು ನಡೆಯುವಾಗ ಪಕ್ಕದ ಮನೆಯ ಅಂಕಲ್ ಹಾಗೆ ಬಂದು ಬಾಗಿಲು ತೆರೆಯುತ್ತಿದ್ದರು. ಒಳಗಿನ ಬಿಸಿ ಮುಖಕ್ಕೆ ಬಡಿದು ನನ್ನ ಕನ್ನಡಕ ಮಂಜಾಗುತ್ತಿತ್ತು.

ಉಡುಪಿ ಕಡೆಯ ಕ್ಯಾಥೊಲಿಕರು. ಬಸ್ಸು ಓಡಿಸಿ ಅರ್ಧ ಲಂಡನ್ ಸುತ್ತಿದವರು. ಆಂಟಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದುಹೋದ ಮೇಲೆ ಕೆಲಸ ಬಿಟ್ಟು ಮನೆ ಸೇರಿದ್ದರು. ಮಕ್ಕಳಿರಲಿಲ್ಲ. ಆಂಟಿಗೆ ಜೂನ್‌ನಲ್ಲೂ ಚಳಿ, ಹಾಗಾಗಿ ಆ ಮನೆಯಲ್ಲಿ ಹೀಟಿಂಗ್ ವರ್ಷವಿಡೀ ಉರಿಯುತ್ತಿತ್ತು. ಬೆಳಿಗ್ಗೆ ಊರಿನ ಕೌನ್ಸಿಲ್ ಕಳಿಸುವ ಆರೈಕೆಯ ಹುಡುಗಿ ಬಂದು ಆಂಟಿಗೆ ಸ್ನಾನ ಮಾಡಿಸುವಷ್ಟು ಹೊತ್ತು ಮೂಲೆಯ ಅಂಗಡಿಗೆ ಓಡಿ ಬರುವುದಷ್ಟೇ ಅವರ ಹೊರಸಂಚಾರ.

ನಾನು ತೊಂಬತ್ತರ ದಶಕದ ಕೊನೆಯಲ್ಲಿ ಧಾರವಾಡದಿಂದ ಮದುವೆಯಾಗಿ ಬಂದವಳು. ಬಿ.ಕಾಂ. ಓದಿದ್ದೆ. ಕೆಲಸಕ್ಕೆ ಹೋಗಬೇಕೆಂಬುದೊಂದೇ ಆಸೆ. "ನಮ್ಮ ಮನಿ ಸೊಸ್ತ್ಯಾರು ಹೊರಗ ದುಡಿಯಾಕ ಹೋಗಿಲ್ಲ" ಎಂದರು ಅತ್ತೆ. "ನೋಡೂಣು" ಎಂದರು ಗಂಡ. ಆ ನೋಡೂಣು ವರ್ಷಗಟ್ಟಲೆ ನಡೆಯಿತು. ಬೆಳಿಗ್ಗೆ ಅವರು ಕೆಲಸಕ್ಕೆ ಟ್ಯೂಬ್ ರೈಲು ಹಿಡಿಯಲು ಹೋದರೆ ಮನೆಯಲ್ಲಿ ನಾನು, ಅತ್ತೆ, ಟಿವಿ. ಪರದೆ ಸರಿಸಿ ಬಸ್ಸುಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ. ಉಸಿರು ಕಟ್ಟಿದ ಹಾಗಾಗುತ್ತಿತ್ತು, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನನ್ನನ್ನು ಹೊಸ್ತಿಲು ದಾಟಿಸಿದ್ದು ಇಡ್ಲಿ ಹಿಟ್ಟು. ಹೀಟಿಂಗ್ ವಿಷಯದಲ್ಲಿ ಅತ್ತೆಯದು ಬಿಗಿ ಕೈ, ನಮ್ಮಲ್ಲಿ ಹಿಟ್ಟು ಉಬ್ಬುತ್ತಲೇ ಇರಲಿಲ್ಲ. ಪಕ್ಕದ ಮನೆಯಲ್ಲಿಟ್ಟರೆ ಬೆಳಗಾಗುವುದರೊಳಗೆ ಮುಚ್ಚಳ ಎತ್ತಿಬಿಡುತ್ತಿತ್ತು. "ಪಾತೇಲಿ ಇಟ್ಟು ಲಗೂನ ಬಾ. ಅಲ್ಲೇ ಹರಟಿ ಹೊಡಕೋತ ಕೂಡಬ್ಯಾಡ" ಎಂದು ಕಳಿಸುತ್ತಿದ್ದರು. ನಾನು ಲಗೂನ ಬರುತ್ತಿರಲಿಲ್ಲ.

ಅವರ ಊಟದ ಕೋಣೆಯಲ್ಲಿ ಬೆಡ್‌ಶೀಟ್ ಹೊದ್ದ ಸ್ಟೀಲಿನ ಪೀಪಾಯಿಗಳಿದ್ದವು. ಕೆಗ್ ಎನ್ನುತ್ತಿದ್ದರು. ಮೇಲೆ ಒತ್ತಡ ತೋರಿಸುವ ಮುಳ್ಳು, ಪಕ್ಕಕ್ಕೆ ಸಣ್ಣದೊಂದು ವಾಲ್ವ್. ಒಮ್ಮೆ ಬಂದಿದ್ದ ಅತ್ತೆ ಅವನ್ನು ಆಂಟಿಯ ಆಕ್ಸಿಜನ್ ಎಂದುಕೊಂಡು "ಪಾಪ" ಎಂದರು. ಒಳಗಿದ್ದದ್ದು ಬಿಯರ್. ಅಂಕಲ್ ತಿದ್ದಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

"ಪಬ್ಬಿಗೆ ಹೋಗ್ಲಿಕ್ಕೆ ನಂಗೆ ಆಗುವುದಿಲ್ಲ ಮಾರಾಯ್ತಿ. ಹಾಗೆ ಪಬ್ಬನ್ನೇ ಇಲ್ಲಿ ತಂದು ಕೂರಿಸಿದ್ದು" ಎನ್ನುತ್ತಿದ್ದರು. ಮೊದಮೊದಲು ಬಕೆಟ್ಟಿನಲ್ಲಿ ಮಾಡಿ ನೋಡಿದರಂತೆ. ಅಷ್ಟು ಬಿಸಿಯಲ್ಲಿ ಯೀಸ್ಟ್ ಹುಚ್ಚೆದ್ದು ಬಿಯರಿಗೆಲ್ಲ ಕೊಳೆತ ಬಾಳೆಹಣ್ಣಿನ ವಾಸನೆ. ಆಂಟಿಯ ಹೀಟಿಂಗ್ ಆರಿಸುವ ಹಾಗಿಲ್ಲ. ಕೆಗ್‌ನೊಳಗೆ ಮುಚ್ಚಿ, ಏಳುವ ಗ್ಯಾಸನ್ನು ಅಲ್ಲೇ ಹಿಡಿದಿಟ್ಟು ಹುದುಗು ಬರಿಸಿದರೆ ಆ ವಾಸನೆ ಏಳುವುದಿಲ್ಲ ಎಂಬುದನ್ನು ಎಲ್ಲಿಂದಲೋ ಕಲಿತರು. "ಒತ್ತಡ ಬಿತ್ತು ಅಂದ್ರೆ ತೆಪ್ಪಗೆ ಇರ್ತದೆ ನೋಡು" ಎಂದು ಕೆಗ್ಗಿನ ನೆತ್ತಿ ತಟ್ಟಿದರು.

"ನನ್ನಂಗ ಆತ ಬಿಡ್ರಿ" ಎಂದೆ.

ಅವರು ನಗಲಿಲ್ಲ. ವಾಲ್ವ್ ಒಂದಿಷ್ಟು ತಿರುಗಿಸಿದರು. ಸುಯ್ಯೆಂದು ಗಾಳಿ ಬಂತು.

ಮನೆಯಲ್ಲೇ ಬಿಯರ್ ಮಾಡುವವರ ಒಂದು ಕೂಟ ಊರಾಚೆಯ ಪಬ್ಬೊಂದರ ಮಹಡಿಯಲ್ಲಿ ವರ್ಷಕ್ಕೊಮ್ಮೆ ಸೇರುತ್ತಿತ್ತು. ಅಲ್ಲಿಗೆ ತಮ್ಮ ಬಿಯರ್ ಒಯ್ಯಬೇಕೆಂದು ಅವರಿಗೆ ಬಹಳ ಆಸೆ. ಒಂದು ಭಾನುವಾರ ಮಧ್ಯಾಹ್ನ ಆಂಟಿಯ ಹತ್ತಿರ ನಾನು ಕೂರುತ್ತೇನೆಂದು ಹೊರಡಿಸಿದೆ. ಸೂಟು ಹಾಕಿ, ಎರಡು ಬಾಟಲಿ ಚೀಲಕ್ಕಿಟ್ಟು, ಮದುಮಗನ ಹಾಗೆ ತಲೆ ಬಾಚಿಕೊಂಡು ಹೋದರು.

ನಾನು ಆಂಟಿಗೆ ಗಂಜಿ ಕುಡಿಸಿ ಮುಗಿಸುವ ಮೊದಲೇ ಬೀಗದ ಸದ್ದಾಯಿತು. ಚೀಲ ಹೋದ ಹಾಗೆಯೇ ವಾಪಸು ಬಂದಿತ್ತು.

"ಸ್ಟಾಪಿನಲ್ಲಿ ಕೂತಿದ್ದೆ. ಬಸ್ಸು ಬಂತು, ಹೋಯ್ತು. ಇನ್ನೊಂದು ಬಂತು. ಹತ್ಲಿಕ್ಕೆ ಆಗ್ಲಿಲ್ಲ" ಎಂದರು. ಕೋಟು ಬಿಚ್ಚಿ ಮತ್ತೆ ಬನಿಯನ್ನಿನಲ್ಲಿ ಕೂತರು. "ಬಾಗಿಲು ಯಾರೂ ಹಾಕಿರಲಿಲ್ಲ. ನಂಗೇ ಹೊರಗಿನ ಅಭ್ಯಾಸ ತಪ್ಪಿದೆ. ನಿಂಗೆ ಇನ್ನೂ ತಪ್ಪಿಲ್ಲ ಮಗಾ. ತಪ್ಪುವ ಮೊದಲು ಹತ್ತಿಬಿಡು."

ಲಂಡನ್ನಿನಲ್ಲಿ ಬಸ್ಸು ಓಡಿಸಿದ ಮನುಷ್ಯ. ನನಗೆ ಭಯವಾಯಿತು, ಅವರಿಗಾಗಿ ಅಲ್ಲ.

ಮರುದಿನ ಬಸ್ಸು ಹತ್ತಿ, ಹೆಲ್ಪರ್ ಬೇಕೆಂದು ಬೋರ್ಡು ಹಾಕಿದ್ದ ಔಷಧಿ ಅಂಗಡಿಯಲ್ಲಿ ಕೆಲಸ ಕೇಳಿಕೊಂಡು ಬಂದೆ. ಅತ್ತೆ ಟಿವಿಯ ದನಿ ಏರಿಸಿದರು. ಕಡೆಗೆ, "ಹಿಟ್ಟು ಯಾರು ಒಯ್ತಾರ?" ಎಂದರು.

"ಸಂಜೀಕ ನಾನ ಒಯ್ತೀನ್ರಿ ಅತ್ತಿ."

ಹಾಗೆಯೇ ನಡೆಯಿತು. ಸಂಜೆ ಪಾತ್ರೆ ಹಿಡಿದು ಹೋದರೆ ಅಂಕಲ್ ನನ್ನ ಕೆಲಸದ ಬಗ್ಗೆ ಕೇಳುತ್ತಿರಲಿಲ್ಲ. ರಸ್ತೆಯ ಬಗ್ಗೆ ಕೇಳುತ್ತಿದ್ದರು. ಸ್ಟೇಷನ್ ಮುಂದಿನ ತಿರುವಿನಲ್ಲಿ ಡ್ರೈವರ್ ಬ್ರೇಕ್ ಹೇಗೆ ಹಾಕ್ತಾನೆ, ಅಗೆದಿದ್ದ ಕಡೆ ಟಾರು ಬಿತ್ತಾ. ನಾನು ಎಲ್ಲ ನೋಡಿಟ್ಟುಕೊಂಡು ಬಂದು ಹೇಳುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಒಂದು ಬೆಳಿಗ್ಗೆ, ಆಂಟಿಯ ಮಂಚದ ಪಕ್ಕದ ಕುರ್ಚಿಯಲ್ಲೇ ಅವರ ಹೃದಯ ನಿಂತಿತು. ಆಂಟಿಯನ್ನು ಕೇರ್ ಹೋಮಿಗೆ ಒಯ್ದರು. ಹೀಟಿಂಗ್ ಆರಿಸಿದವಳು ನಾನೇ. ಆ ಮನೆ ತಣ್ಣಗಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಗೋಡೆಗೆ ಒರಗಿ ಅತ್ತುಬಿಟ್ಟೆ.

ಒಂದು ಕೆಗ್ ಕುಡಿಯಲು ಸಿದ್ಧವಾಗಿತ್ತು. ಅವರು ಕಲಿಸಿದಂತೆ ಎರಡು ಬಾಟಲಿ ತುಂಬಿಕೊಂಡೆ. ಕೂಟದ ದಿನ ಚೀಲ ಹಿಡಿದು ಹೊರಟಾಗ ಅತ್ತೆ ಇಣುಕಿ ನೋಡಿದರು. "ಒಡೆದಾವು, ಟಾವೆಲ್ ಸುತ್ತಿಕೋ" ಎಂದರು. ಆಮೇಲೆ, "ಆಕ್ಸಿಜನ್ ಅಂಥಾ ನಾತ ಹೊಡಿಯೂದಿಲ್ಲ ಅಂತ ನನಗ ತಿಳೀದೇನು?"

ಸೀರೆ ಉಟ್ಟು, ಬಿಯರ್ ಹಿಡಿದು, ಎಂದೂ ಅದರ ರುಚಿ ನೋಡದ ನಾನು ಪಬ್ಬಿನ ಮಹಡಿ ಹತ್ತಿದೆ. ಬಿಳಿ ಗಡ್ಡದ ಹಿರಿಯರೊಬ್ಬರು ಗುಟುಕರಿಸಿ, ಎರಡನೇ ಸಲ ಗುಟುಕರಿಸಿ, ಇಷ್ಟು ಶುದ್ಧವಾದ ರುಚಿ ಬರಲು ಎಂಥ ತಂಪು ನೆಲಮಾಳಿಗೆಯಲ್ಲಿ ಇಟ್ಟಿದ್ದಿರಿ ಎಂದು ಕೇಳಿದರು. ಇದು ನನ್ನದಲ್ಲ, ಪಕ್ಕದ ಮನೆಯಲ್ಲಿ ವರ್ಷಗಟ್ಟಲೆ ಮಾಡುತ್ತಿದ್ದವರದು, ಅವರ ಮನೆ ಬಹಳ ಬಿಸಿಯಿತ್ತು ಎಂದೆ.

ಇಷ್ಟು ವರ್ಷ ಅವರೇಕೆ ಒಮ್ಮೆಯೂ ಬರಲಿಲ್ಲ ಎಂದು ಕೇಳಿದರು.

ಬಂದಿದ್ದರು ಎಂದೆ. ಬಸ್ ಸ್ಟಾಪಿನ ತನಕ.