ಮೂವರಿಗೂ ಒಂದೇ ಪಾತ್ರೆ

ಆ ಮಧ್ಯಾಹ್ನ ನೆನಪಾದರೆ ಮೊದಲು ಕಾಣುವುದು ಹಬೆ. ಹಬೆಯ ಆಚೆ ಹೆಂಡತಿ, ಅವಳಿಗೆ ಅಂಟಿಕೊಂಡು ಕೂತ ಮಗಳು, ಇಬ್ಬರ ಮುಖವೂ ಅರ್ಧ ಕರಗಿದಂತೆ. ನೈರೋಬಿಯ ಜುಲೈ ತಿಂಗಳ ಬೂದು ಚಳಿ. ಕಿಟಕಿಯ ಗಾಜು ಬೆವರಿ, ಹೊರಗೆ ಹೋಗುವ ಮಟಾಟು ವ್ಯಾನುಗಳು ಬರೀ ಬಣ್ಣಗಳಾಗಿ ತೇಲುತ್ತಿದ್ದವು.

ಕಂಪನಿ ನನ್ನನ್ನು ಬೆಂಗಳೂರಿನಿಂದ ಇಲ್ಲಿಗೆ ಕಳಿಸಿದಾಗ ಮಗಳಿಗೆ ಮೂರು ವರ್ಷ. ಅಮ್ಮನ ಜೊತೆ ಇಲ್ಲಿನ ಸೌತ್ ಸಿ ಬಡಾವಣೆಯ ಮನೆಗೆ ಬಂದು ಸೇರಿದಾಗ ಆರು. ಬಂದು ತಿಂಗಳಾದರೂ ನನ್ನನ್ನು ಅಪ್ಪ ಎಂದಿರಲಿಲ್ಲ. ನೇರವಾಗಿ ಮಾತೇ ಆಡುತ್ತಿರಲಿಲ್ಲ. ನಾನು ಪಕ್ಕದಲ್ಲೇ ಇದ್ದರೂ, "ಅಮ್ಮಾ, ಅವ್ರು ಟಿವಿ ಆಫ್ ಮಾಡ್ತಾರಾ ಕೇಳು" ಎನ್ನುವಳು. ಊಟದಲ್ಲಿ ಬಾಯಿ ಸುಟ್ಟದ್ದು, ಬೇಡವಾದದ್ದು, ಅರ್ಧ ಕಚ್ಚಿದ್ದು ಎಲ್ಲವನ್ನೂ ನನ್ನ ತಟ್ಟೆ ದಾಟಿ ಕೈಚಾಚಿ ಅಮ್ಮನ ತಟ್ಟೆಗೇ ಹಾಕುವಳು. ತಪ್ಪು ನನ್ನದೂ ಇತ್ತು. ಎಂಜಲೆಂದರೆ ನನಗೆ ಆಗದು. ನನ್ನದೇ ಬಾಟಲಿಯ ನೀರನ್ನೂ ಎತ್ತಿ ಕುಡಿಯುವ ಆಸಾಮಿ. ಬಂದ ವಾರವೇ ಅವಳು ನನ್ನ ಲೋಟಕ್ಕೆ ಬಾಯಿ ಹಚ್ಚಿದಾಗ ಗದರಿಬಿಟ್ಟಿದ್ದೆ. ಆಮೇಲೆ ಎಷ್ಟು ಪೇಚಾಡಿಕೊಂಡರೇನು, ಆಡಿದ್ದು ಆಡಿಯಾಗಿತ್ತು.

ಆ ಮಧ್ಯಾಹ್ನ ಹೋದ ಜಪಾನಿ ಹೋಟೆಲು ಹೇಳಿದವರು ನನ್ನ ಆಫೀಸಿನವರೊಬ್ಬರು. ಮೇಜಿನ ಮೇಲೇ ಒಲೆ, ಮಕ್ಕಳಿಗೆ ಖುಷಿಯಾಗುತ್ತದೆ ಎಂದಿದ್ದರು. ಎಲ್ಲರೂ ಒಂದೇ ಪಾತ್ರೆಗೆ ತಂತಮ್ಮ ಚಾಪ್‌ಸ್ಟಿಕ್ ಕಡ್ಡಿ ಹಾಕಿ ತಿನ್ನಬೇಕು ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮೀನು ಬೇಡವೆಂದು ಮೂರು ಸಲ ಹೇಳಿ, ಬರೀ ಕಡಲಪಾಚಿಯ ತಿಳಿ ತರಿಸಿದೆವು. ಅದು ಕುದಿಯುತ್ತಿದ್ದಂತೆ ಅನ್ನವೂ ಬಂತು. ಅನ್ನ, ಬಿಸಿ ತಿಳಿ: ನಮ್ಮವರಿಗೆ ಇನ್ನೇನು ಹೊಳೆಯಬೇಕು? "ತಿಳಿಸಾರಿನ ಥರ ಇದೆ ಕಣ್ರೀ" ಎಂದು ಹೆಂಡತಿ ಮೂವರಿಗೂ ಅನ್ನದ ಮೇಲೆ ಧಾರಾಳವಾಗಿ ಸುರಿದಳು. ಉಪ್ಪಿಲ್ಲ, ಹುಳಿಯಿಲ್ಲ. ಆದರೂ ಮರ್ಯಾದೆಯಾಗಿ ಕಲಸಿಕೊಂಡು ತಿಂದೆವು. ತರಕಾರಿಯ ತಟ್ಟೆ ಹೊತ್ತು ಬಂದ ಬಡಿಸುವಾಕೆ, ತಳ ಕಾಣುತ್ತಿದ್ದ ಪಾತ್ರೆ ನೋಡಿ ನಿಂತೇಬಿಟ್ಟಳು. ಆ ತಿಳಿ ಇದ್ದದ್ದು ತರಕಾರಿ ಬೇಯಿಸಲಿಕ್ಕಂತೆ. "ಪೋಲೆಪೋಲೆ" ಎಂದು ನಗುತ್ತಾ, ನಿಧಾನ ಎಂದು ಕೈಸನ್ನೆ ಮಾಡಿ, ಮತ್ತೆ ತುಂಬಿಸಿಕೊಟ್ಟಳು. ಮಗಳು ಬಾಯಿ ಮುಚ್ಚಿಕೊಂಡು ಕಿಸಕ್ಕೆಂದಳು. ನಗುವಾಗ ಒಂದು ಸಲ ನನ್ನ ಕಡೆಯೂ ನೋಡಿದಳು.

ಎಲೆಕೋಸು, ಕ್ಯಾರೆಟ್, ಅಣಬೆ ಒಂದೊಂದಾಗಿ ಮುಳುಗಿ ತೇಲಿದವು. ಮೂವರ ಕಡ್ಡಿಗಳೂ ಬಾಯಿಯಿಂದ ಪಾತ್ರೆಗೆ, ಪಾತ್ರೆಯಿಂದ ಬಾಯಿಗೆ. ಮೊದಮೊದಲು ಲೆಕ್ಕ ಇಡುತ್ತಿದ್ದವನು ಯಾವಾಗ ಬಿಟ್ಟೆನೋ ತಿಳಿಯದು. ಕೆನ್ನೆ ಬೆಚ್ಚಗಾಗಿ ಮಂಪರು ಹತ್ತಿತ್ತು. ಕುದಿಯುವ ಸದ್ದೊಂದೇ. ನಾವಿದ್ದ ದೇಶ ಯಾವುದು ಎಂದು ಯಾರಾದರೂ ಕೇಳಿದ್ದರೆ ತಡವರಿಸುತ್ತಿದ್ದೆ.

ಮಗಳು ಪಟ್ಟು ಬಿಡದೆ ಒಂದು ಅಣಬೆ ಹಿಡಿದು ಕಚ್ಚಿದಳು. ಬಾಯಿ ಸುಟ್ಟಿತು. ಅಮ್ಮನ ಬಟ್ಟಲು ಅವಳ ಮೊಣಕೈ ಪಕ್ಕದಲ್ಲೇ ಇತ್ತು. ಅವಳು ಎದ್ದು ನಿಂತು, ಪಾತ್ರೆಯ ಬದಿಯಿಂದ ಕೈಚಾಚಿ, ಹಲ್ಲಿನ ಗುರುತಿದ್ದ ಆ ಅರ್ಧ ಅಣಬೆಯನ್ನು ನನ್ನ ಬಟ್ಟಲಿಗೆ ಹಾಕಿದಳು. ಹಾಕಿದ ಮೇಲೆ ಲೋಟದ ಪ್ರಸಂಗ ನೆನಪಾಯಿತೇನೋ, ಹಾಗೇ ನಿಂತು ನನ್ನ ಮುಖ ನೋಡಿದಳು. ಹೆಂಡತಿಯ ಕಡ್ಡಿಯೂ ನಿಂತಿತು.

ನಾನು ಊದಿ ಊದಿ ತಿಂದೆ.

"ಇನ್ನೊಂದ್ ಬೇಕಾ?" ಎಂದಳು. ಅಮ್ಮನನ್ನು ಕೇಳಲಿಲ್ಲ, ನನ್ನನ್ನೇ ಕೇಳಿದಳು.